ನಾರು ಸುತ್ತಿದ ಸ್ಟೇರಿಂಗ್

ಕಾರಿನಿಂದ ಇಳಿದ ಕೂಡಲೇ ನಮ್ಮತ್ತೆ ಎರಡೂ ಅಂಗೈಗಳನ್ನು ಬಿಸಿಲಿಗೆ ಹಿಡಿದು ನೋಡಿಕೊಳ್ಳುತ್ತಿದ್ದರು. ಅಂಗೈ ತುಂಬ ತೆಂಗಿನ ನಾರಿನ ಹುರಿಯ ಅಚ್ಚು ಬಿದ್ದಿರುತ್ತಿತ್ತು. ಹೆಬ್ಬೆರಳ ಬುಡದಿಂದ ಕಿರುಬೆರಳ ಬುಡದವರೆಗೆ ಓರೆ ಓರೆಯಾದ ಕೆಂಪು ಗೆರೆಗಳು. ಸ್ಟೇರಿಂಗ್ ಚಕ್ರ ಸವೆದು ನುಣ್ಣಗಾಗಿ ಕೈ ಜಾರುತ್ತದೆಂದು ಅವರೇ ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ನಾರು ಹೊಸೆದು, ಚಕ್ರದ ಸುತ್ತ ಒತ್ತೊತ್ತಾಗಿ ಹುರಿ ಸುತ್ತಿದ್ದರು. ಅಂಥ ಸ್ಟೇರಿಂಗನ್ನು ನಾನು ಬೇರೆ ಯಾವ ಕಾರಿನಲ್ಲೂ ನೋಡಿಲ್ಲ. ಗೆರೆಗಳು ಮಾಸುವ ತನಕ ಕೈಗೆ ನೀರು ಸೋಕಿಸುತ್ತಿರಲಿಲ್ಲ, ಉರಿಯುತ್ತದೆಂದು. ನಾನು ಕಾಫಿ ಲೋಟ ಕೊಟ್ಟರೆ ಎರಡು ಮಣಿಕಟ್ಟುಗಳ ನಡುವೆ ಸಿಕ್ಕಿಸಿಕೊಂಡು ಕುಡಿಯುತ್ತಿದ್ದರು.

ಅದು ಸಣ್ಣ ಬಿಳಿ ಕಾರು. ಪವರ್ ಸ್ಟೇರಿಂಗ್ ಎಂಬುದು ಸಾಹುಕಾರರ ಕಾರುಗಳಿಗೆ ಮಾತ್ರ ಬರುತ್ತಿದ್ದ ಕಾಲದ್ದು. ಮಾವ ಗಟ್ಟಿಯಾಗಿದ್ದಾಗ ಹಳೆಯದನ್ನೇ ಕೊಂಡಿದ್ದರಂತೆ. ನಾನು ಸೊಸೆಯಾಗಿ ಬಂದ ಮೂರನೆಯ ವರ್ಷ ಅವರ ಎರಡೂ ಕಿಡ್ನಿ ಕೈಕೊಟ್ಟವು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹೊನ್ನವಳ್ಳಿ ಪಕ್ಕದ ನಮ್ಮ ತೋಟದ ಮನೆಯಿಂದ ತಿಪಟೂರಿಗೆ ಹೋಗಿ, ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ರಕ್ತ ಕೊಟ್ಟು ಬರಬೇಕು. ನನ್ನ ಗಂಡನಿಗೆ ಚಿಕ್ಕಂದಿನಿಂದ ಫಿಟ್ಸ್; ಸ್ಟೇರಿಂಗ್ ಮುಟ್ಟಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಒಂದೆರಡು ಸಲ ಬಾಡಿಗೆ ಕಾರು ಮಾಡಿದೆವು. ಎರಡನೆಯ ಸಲ ಬರುವಾಗ ಮಾವ ತಡೆಯಲಾರದೆ ಸೀಟಿನ ಮೇಲೆ ವಾಂತಿ ಮಾಡಿಕೊಂಡರು. ಡ್ರೈವರ್ ಗಾಡಿ ನಿಲ್ಲಿಸಿ, ಕೆಳಗಿಳಿದು, ಮೂಗು ಮುಚ್ಚಿಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತ. ಮಾವ ಮನೆಗೆ ಬಂದವರೇ ಅತ್ತೆಗೆ, "ನೀನು ಓಡಿಸಿದ್ರೆ ಬತ್ತೀನಿ, ಇಲ್ದಿದ್ರೆ ಇಲ್ಲೇ ಇರ್ತೀನಿ, ಏನಾರ ಆಗ್ಲಿ" ಅಂದುಬಿಟ್ಟರು.

ಅತ್ತೆಗೆ ಗಾಡಿ ಕಲಿಸಿದವರೂ ಮಾವನೇ. ಕಾರು ಬಂದ ಹೊಸದರಲ್ಲಿ, ಬೇಸಿಗೆಯಲ್ಲಿ ಬತ್ತಿದ ಕೆರೆ ಅಂಗಳಕ್ಕೆ ಕರೆದುಕೊಂಡು ಹೋಗಿ, ಊರಿನವರೆಲ್ಲ ಏರಿಯ ಮೇಲೆ ನಿಂತು ನಗುತ್ತಿದ್ದರೂ ಲೆಕ್ಕಿಸದೆ ಕಲಿಸಿದ್ದರಂತೆ. ಲೈಸೆನ್ಸ್ ಕೂಡ ಮಾಡಿಸಿಕೊಟ್ಟಿದ್ದರು. ಆಗ ಮಾವ ಹೇಳಿಕೊಟ್ಟ ಒಂದು ಮಾತನ್ನು ಅತ್ತೆ ಕೊನೆಯವರೆಗೂ ಬಿಡಲಿಲ್ಲ: "ನಿಂತಲ್ಲೇ ತಿರುಗಿಸ್ಬೇಡ. ಒಂಚೂರು ಉಳ್ಳಲಿ, ಆಮೇಲೆ ತಿರುಗ್ಸು." ನಿಂತ ಗಾಡಿಯ ಚಕ್ರ ತಿರುಗಿಸಲು ಹೋದರೆ ರಟ್ಟೆ ಬಿದ್ದುಹೋಗುವಷ್ಟು ಭಾರ, ಗಾಡಿ ಒಂದು ಮಾರು ಉರುಳಿದರೆ ಸಾಕು, ಭಾರ ಅರ್ಧ ಇಳಿಯುತ್ತದೆ. ಅತ್ತೆ ಇದನ್ನು ಕಾರಿಗಷ್ಟೇ ಹೇಳುತ್ತಿರಲಿಲ್ಲ. ನಾನು ಗಂಡನ ಮೇಲೆ ಸಿಟ್ಟು ಮಾಡಿಕೊಂಡು ಅಲ್ಲೇ ಉತ್ತರ ಕೇಳಲು ನಿಂತರೆ, ಅಡುಗೆಮನೆಯಿಂದಲೇ, "ನಿಂತಲ್ಲೇ ತಿರುಗಿಸ್ಬೇಡ ಕಣೇ" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರ ಕೈಗಳ ಕಥೆ ಕಾರಿಗಿಂತ ಹಳೆಯದು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಆಮೇಲೆ ಸಿಪ್ಪೆ ಸುಲಿದು, ಚಿಪ್ಪನ್ನು ಮಚ್ಚಿನಿಂದ ತಟ್ಟಿ ತಟ್ಟಿ ಬಿಡಿಸಿ, ಉಂಡೆಗೆ ಒಂದು ಗಾಯವೂ ಆಗದ ಹಾಗೆ ಹೊರಗೆ ತೆಗೆಯಬೇಕು. ಅತ್ತೆ ಮೂವತ್ತು ವರ್ಷ ಈ ಕೆಲಸ ಮಾಡಿದವರು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇನ್ನೂ ಹಸಿ ಇದ್ದರೆ ಮಗು ಮಲಗಿಸುವವರಂತೆ ಮೆಲ್ಲಗೆ ಪಕ್ಕಕ್ಕೆ ಇಡುತ್ತಿದ್ದರು. ಅವರ ಗುಡ್ಡೆಯಲ್ಲಿ ಒಡಕು ಉಂಡೆ ಹುಡುಕಿದರೂ ಸಿಗುತ್ತಿರಲಿಲ್ಲ. ಆದರೆ ಮೂವತ್ತು ವರ್ಷದ ಆ ತಟ್ಟುವಿಕೆ ಮಣಿಕಟ್ಟಿನ ಒಳಗೆ ಹೋಗಿ ಕೂತಿತ್ತು. ನರ ಒತ್ತಿಕೊಂಡಿದೆ ಎಂದರು ಡಾಕ್ಟರು. ಬೆಳಿಗ್ಗೆ ಎದ್ದಾಗ ಬೆರಳುಗಳು ಮರಗಟ್ಟಿ, ಸೀರೆ ನೆರಿಗೆ ಹಿಡಿಯಲು ಬರುತ್ತಿರಲಿಲ್ಲ. ನಾನೇ ಹಿಡಿದು ಸಿಕ್ಕಿಸುತ್ತಿದ್ದೆ. ಅಂಥ ಕೈಯಲ್ಲಿ ವಾರಕ್ಕೆ ಎರಡು ದಿನ ಆ ಸ್ಟೇರಿಂಗ್ ತಿರುಗಿಸುತ್ತಿದ್ದರು.

ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಮಾವ, ಕೆರೆ ಏರಿಯ ತಿರುವು ಬಂದಾಗ ಕಣ್ಣು ಬಿಡದೆಯೇ ಕೇಳುವರು: "ಕೈ ನೋಯ್ತದೇನೇ?"

"ಇಲ್ಲ ಕಣ್ರೀ, ಹೂವಿನಂಗೈತೆ" ಎನ್ನುವರು ಅತ್ತೆ, ಕೆಳತುಟಿ ಕಚ್ಚಿಕೊಂಡು. ಮುಂದಿನ ಕನ್ನಡಿಯಲ್ಲಿ ಅವರ ಮುಖ ನನಗೆ ಕಾಣುತ್ತಿತ್ತು, ಮಾವನಿಗೆ ಕಾಣುತ್ತಿರಲಿಲ್ಲ.

ಪವರ್ ಸ್ಟೇರಿಂಗ್ ಹಾಕಿಸೋಣ ಎಂದು ಹಠ ಹಿಡಿದವಳು ನಾನು. ಸಂಬಂಧಿಕರ ಹೊಸ ಕಾರಿನಲ್ಲಿ ಕೂತಿದ್ದಾಗ ಅದನ್ನು ಓಡಿಸುತ್ತಿದ್ದ ಹೆಂಗಸು ಒಂದೇ ಬೆರಳಲ್ಲಿ ಚಕ್ರ ತಿರುಗಿಸುವುದನ್ನು ನೋಡಿ ನನಗೆ ಅದೇ ಧ್ಯಾನವಾಯಿತು. ಅತ್ತೆಯ ಕೈ ನೋಡಲಾರದೆ ಹಠ ಹಿಡಿದೆ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಈಗ ನಿಜ ಹೇಳುತ್ತೇನೆ. ಅತ್ತೆ ನನಗೆ ಗಾಡಿ ಕಲಿ ಎಂದು ಮೂರು ಸಲ ಕೇಳಿದ್ದರು. ಒಮ್ಮೆ ಕೆರೆ ಅಂಗಳಕ್ಕೆ ಕರೆದುಕೊಂಡೂ ಹೋಗಿದ್ದರು. ಚಕ್ರ ತಿರುಗಲಿಲ್ಲ, ನಾನು ಬ್ರೇಕು ಬಿಟ್ಟು ಇನ್ನೊಂದನ್ನು ತುಳಿದೆ, ಕಾರು ಜಾಲಿ ಪೊದೆಗೆ ನುಗ್ಗಿತು, ನಾನು ಅಲ್ಲೇ ಅತ್ತುಬಿಟ್ಟೆ. ಅಂದಿನಿಂದ, "ಪವರ್ ಸ್ಟೇರಿಂಗ್ ಹಾಕಿಸಿ ಅತ್ತೆ, ಆಮೇಲೆ ಕಲೀತೀನಿ" ಎಂದು ರಾಗ ತೆಗೆಯುವುದನ್ನು ಅಭ್ಯಾಸ ಮಾಡಿಕೊಂಡೆ. ನನ್ನ ಪುಕ್ಕಲುತನಕ್ಕೆ ಅವರ ಕೈನೋವನ್ನು ಅಡ್ಡ ಹಿಡಿದಿದ್ದೆ.

ಕೊನೆಗೆ ಒಂದು ಶುಕ್ರವಾರ ಆಸ್ಪತ್ರೆಯಿಂದ ಬರುವಾಗ ಅತ್ತೆ ಗಾಡಿಯನ್ನು ಮೆಕ್ಯಾನಿಕ್ ಶೆಡ್ಡಿನ ಮುಂದೆ ನಿಲ್ಲಿಸಿದರು. ಆ ಮೆಕ್ಯಾನಿಕ್ ನಮ್ಮ ಕಾರಿಗೆ ಮೊದಲಿನಿಂದಲೂ ಕೈ ಹಾಕಿದವನು, ನೇರ ಮಾತಿನವನು. ಬಾನೆಟ್ ಎತ್ತಿ, ಒಳಗೆ ಬಗ್ಗಿ ನೋಡಿ, ಬಟ್ಟೆಯಲ್ಲಿ ಕೈ ಒರೆಸಿಕೊಂಡ.

"ಈ ಮಾಡೆಲ್ಲಿಗೆ ಕಂಪನಿಯಿಂದ ಬರಲ್ಲ ಅಮ್ಮ. ಗುಜರಿಗೆ ಬಿದ್ದಿರೋ ಬೇರೆ ಗಾಡೀದು ಮೋಟ್ರು ತರಿಸಿ ಹೊಂದಿಸಿ ಕೂರಿಸ್ಬೇಕು. ಹಾಕಿದ್ರೆ ಒಂದ್ ಬೆರಳಲ್ಲಿ ತಿರುಗ್ತದೆ, ಅದೇನೋ ನಿಜ. ಆದ್ರೆ ಹಳೇ ಮೋಟ್ರು, ಯಾವಾಗ್ ಬೇಕಾದ್ರೂ ನಿಂತೋಗಬೌದು. ನಿಂತ್ರೆ ಈಗಿರೋದಕ್ಕಿಂತ ಡಬ್ಬಲ್ ಭಾರ."

"ಎಷ್ಟು ದಿನ ಬಿಡ್ಬೇಕಪ್ಪ ಗಾಡೀನ?"

"ಒಂದ್ ವಾರ ಹತ್ ದಿನ. ಅದಿರ್ಲಿ, ಇನ್ನೆಷ್ಟು ದಿನ ಓಡಿಸ್ತೀರಮ್ಮ ಈ ಗಾಡೀನ? ಎರಡ್ಮೂರು ವರ್ಷ ಅಂದ್ರೆ ಹಾಕ್ಸಿ. ಆರ್ ತಿಂಗ್ಳು, ವರ್ಷ ಅಂದ್ರೆ ಸುಮ್ನೆ ಯಾಕೆ?"

ಅವನು ಕೇಳಿದ್ದು ಕಾರಿನ ವಿಚಾರ. ಆದರೆ ಆ ಕಾರನ್ನು ನಾವು ಇಟ್ಟುಕೊಂಡಿದ್ದೇ ಮಾವನಿಗಾಗಿ. ಮಾವ ಇರುವಷ್ಟು ದಿನ ಅದು ಓಡಬೇಕು, ಮಾವ ಇಲ್ಲದ ದಿನ ಅದಕ್ಕೆ ಕೆಲಸವಿಲ್ಲ. ಎಷ್ಟು ದಿನ ಎಂದು ಹೇಳಿದರೆ ಮಾವನ ಆಯುಸ್ಸು ಹೇಳಿದಂತೆಯೇ. ಹಿಂದಿನ ಸೀಟಿನ ಕಿಟಕಿ ತೆರೆದಿತ್ತು. ಮಾವ ಎಚ್ಚರವಾಗಿದ್ದರು. ಅತ್ತೆ ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಶೆಡ್ಡಿನ ಒಳಗೆ ಯಾರೋ ಸುತ್ತಿಗೆಯಲ್ಲಿ ತಗಡು ಬಡಿಯುತ್ತಿದ್ದರು.

"ಬ್ಯಾಡ ಬುಡಪ್ಪ" ಅಂದರು ಅತ್ತೆ. "ಕೈಗೆ ಅಭ್ಯಾಸ ಆಗೋಗೈತೆ."

ಅಂದು ಕೆರೆ ಏರಿಯ ತಿರುವು ಬಂತು, ಹೋಯಿತು. ಕೈ ನೋಯ್ತದೇನೇ ಎಂದು ಮಾವ ಕೇಳಲಿಲ್ಲ. ಕನ್ನಡಿಯಲ್ಲಿ ಅತ್ತೆ ಎರಡು ಸಲ ಹಿಂದಕ್ಕೆ ನೋಡಿದ್ದನ್ನು ನಾನು ಕಂಡೆ.

ಸಂಜೆ ಅತ್ತೆ ಕೊಟ್ಟಿಗೆಯಲ್ಲಿ ಹಸುವಿನ ಬೆನ್ನಿಗೆ ಹಣೆ ಆನಿಸಿಕೊಂಡು ನಿಂತಿದ್ದರು. ನಾನು ಹೋಗಿ ಭುಜ ಮುಟ್ಟಿದೆ.

"ಮೂರ್ ವರ್ಷ ಅಂತ ಬಾಯಿಗೇ ಬಂದಿತ್ತು ಕಣೇ" ಅಂದರು. "ಎಲ್ಲಿ ದೃಷ್ಟಿ ಆಯ್ತದೋ ಅಂತ ನುಂಗ್ಕಂಡೆ. ಅವ್ರೇನಂತ ತಿಳ್ಕಂಡ್ರೋ. ಇವ್ಳು ನನ್ ಕೈ ಬುಟ್ಳು ಅಂತ ತಿಳ್ಕಂಡ್ರು ಕಣೇ."

ಹೋಗಿ ಮಾವನಿಗೆ ಅದನ್ನೇ ಹೇಳಿ ಎಂದೆ. ಹೆಂಗೆ ಹೇಳೋದು ಅಂದರು. ನಿಜವೇ, ಹೇಗೆ ಹೇಳುವುದು? ನೀವು ಬೇಗ ಸಾಯುತ್ತೀರಿ ಎಂದು ನಾನು ಅಂದುಕೊಂಡಿಲ್ಲ ಎಂದು ಹೇಳಬೇಕಾದರೆ ಸಾಯುವ ಮಾತನ್ನೇ ಎತ್ತಬೇಕು. ಆ ಮನೆಯಲ್ಲಿ ಅದನ್ನು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಮೆಕ್ಯಾನಿಕ್ ಮುಂದೆ ನಾನಾದರೂ ಬಾಯಿ ಹಾಕಿ, ಹತ್ತು ವರ್ಷ ಓಡಿಸುತ್ತೇವೆ, ಹಾಕಿ ಎನ್ನಬಹುದಿತ್ತು. ಬೇರೆ ಎಲ್ಲದಕ್ಕೂ ಬಾಯಿ ಹಾಕುವ ನಾನು ಅಂದು ಸುಮ್ಮನೆ ನಿಂತಿದ್ದೆ.

ಇದಾಗಿ ಒಂದು ತಿಂಗಳಿಗೆ ತಿಪಟೂರಿನಲ್ಲಿರುವ ಮಾವನ ತಂಗಿಯ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಎರಡು ಮೂಟೆ ಸುಲಿದ ಕಾಯಿ ಕೊಡೋಣವೆಂದು ಡಿಕ್ಕಿಗೆ ಹಾಕಿಕೊಂಡು ಹೊರಟೆವು. ಗೇಟು ದಾಟಿದ್ದೇ ಅತ್ತೆ, "ಅಯ್ಯೋ!" ಅಂದರು. ನಾನು ಬೆಚ್ಚಿದೆ. "ಏನೂ ಇಲ್ಲ ಕಣೇ. ಸ್ಟೇರಿಂಗು ಇವತ್ತು ನಿಜವಾಗ್ಲೂ ಹೂವಿನಂಗೈತೆ!" ಹಿಂದೆ ಭಾರ ಬಿದ್ದು ಕಾರಿನ ಮೂತಿ ಒಂದಿಷ್ಟು ಎದ್ದಿತ್ತು, ಮುಂದಿನ ಚಕ್ರದ ಮೇಲಿನ ಭಾರ ಇಳಿದಿತ್ತು. ಕಾಯಿ ಇಳಿಸಿ ವಾಪಸು ಬರುವಾಗ ಮತ್ತೆ ಕಲ್ಲು.

ಅವತ್ತಿನಿಂದ ಪವರ್ ಸ್ಟೇರಿಂಗ್ ಮಾತು ನಿಂತೇಹೋಯಿತು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ನಾನೂ ನನ್ನ ಗಂಡನೂ ಎರಡು ಮೂಟೆ ಕಾಯಿ ಹೊತ್ತು ಡಿಕ್ಕಿಗೆ ಹಾಕುತ್ತಿದ್ದೆವು. ಆಮೇಲೆ ಆಸೆ ಹೆಚ್ಚಿ ಮೂರಾಯಿತು. ಕಾಯಿಗಳು ನಮ್ಮ ಜೊತೆ ಆಸ್ಪತ್ರೆಗೆ ಹೋಗುತ್ತಿದ್ದವು, ನಾಲ್ಕು ಗಂಟೆ ಬಿಸಿಲಲ್ಲಿ ಕಾಯುತ್ತಿದ್ದವು, ಸಂಜೆ ಮನೆಗೆ ಬರುತ್ತಿದ್ದವು. ಗೇಟಿನ ಸೆಕ್ಯೂರಿಟಿಯವನು ಡಿಕ್ಕಿ ನೋಡಿ, "ಇವತ್ತೂ ಯಾಪಾರ ಆಗ್ಲಿಲ್ವಾ ಅಮ್ಮ?" ಎನ್ನುತ್ತಿದ್ದ. ಎಳನೀರು ಒಂದು ಗುಟುಕೂ ಕುಡಿಯಕೂಡದೆಂದು ಡಾಕ್ಟರ ಅಪ್ಪಣೆಯಾಗಿದ್ದ ಮಾವ, ತೋಟದ ತುಂಬ ಗೊನೆ ತೂಗುತ್ತಿದ್ದರೂ ತುಟಿಗೆ ಸೋಕಿಸದ ಮಾವ, "ಇವಕ್ಕೂ ಒಂದೊಂದು ಬೆಡ್ಡು ಹೇಳೇ, ಪಾಪ, ದಿನಾ ಬತ್ತವೆ" ಅಂದರು ಒಂದು ದಿನ. ಬಹಳ ದಿನಗಳ ಮೇಲೆ ಅವರು ಆಡಿದ ತಮಾಷೆ ಅದು. ಅತ್ತೆ ಅವತ್ತೆಲ್ಲ ಅದನ್ನೇ ನೆನೆದು ನಗುತ್ತಿದ್ದರು.

ಅದೇ ಮಾವ ಇನ್ನೊಂದು ಮಾತನ್ನೂ ಹೇಳಿದ್ದರು. ಮೂರನೆಯ ಮೂಟೆ ಹಾಕಿದ ದಿನ, ಎತ್ತಿನ ಗಾಡಿ ಹೊಡೆದ ಮನುಷ್ಯನಾಗಿ, "ಹಿಂಭಾರ ಜಾಸ್ತಿ ಆಯ್ತು ಕಣೇ. ಗಾಡಿ ಮೂಕಿ ಎದ್ದಂಗಾಯ್ತದೆ. ಮೂಕಿ ಎದ್ರೆ ಎತ್ತಿನ ಮಾತು ಗಾಡಿ ಕೇಳಲ್ಲ" ಅಂದರು. ಗಾಡಿಯ ಹಿಂದೆ ಭಾರ ಹೆಚ್ಚಾದರೆ ಮುಂದಿನ ಮರ ಮೇಲೆದ್ದು ನೊಗ ಎತ್ತಿನ ಹೆಗಲು ಬಿಡುತ್ತದೆ; ಅದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು, ಅತ್ತೆಗೂ ಗೊತ್ತು. ಆದರೆ ನೋವು ಇಳಿದ ಕೈ ಆ ಮಾತನ್ನು ಕೇಳಲಿಲ್ಲ. ಗಾಡಿ ಕಲಿಯುವ ಗೋಳು ತಪ್ಪಿದ ನಾನಂತೂ ಕೇಳಲೇ ಇಲ್ಲ. "ಅದು ಎತ್ತಿನ ಗಾಡಿ ಮಾವ, ಇದು ಕಾರು" ಎಂದು ಬುದ್ಧಿವಂತಿಕೆ ಬೇರೆ ತೋರಿಸಿದೆ.

ಅದಾದ ಕೆಲವು ವಾರಕ್ಕೆ, ಒಂದು ಶುಕ್ರವಾರ ಆಸ್ಪತ್ರೆಯಿಂದ ಹೊರಟಾಗ ತುಂತುರು ಇತ್ತು. ಕೆರೆ ಏರಿಗೆ ಬರುವಷ್ಟರಲ್ಲಿ ಜೋರಾಯಿತು. ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಕೆಮ್ಮಣ್ಣು ರಸ್ತೆಯ ಮೇಲೆ ಕೊಚ್ಚೆಯಾಗಿತ್ತು. ತಿರುವಿನಲ್ಲಿ ಅತ್ತೆ ಸ್ಟೇರಿಂಗ್ ತಿರುಗಿಸಿದರು. ಚಕ್ರ ಹೂವಿನ ಹಾಗೆಯೇ ತಿರುಗಿತು. ಕಾರು ಮಾತ್ರ ತಿರುಗಲಿಲ್ಲ. ನೇರ ಹೋಯಿತು. "ಕೇಳ್ತಿಲ್ಲ ಕಣ್ರೀ, ಕೇಳ್ತಿಲ್ಲ!" ಎಂದು ಅತ್ತೆ ಕೂಗಿದ್ದು ನೆನಪಿದೆ. ಏರಿಯ ಇಳಿಜಾರಿಗೆ ಮೂತಿ ಇಳಿಸಿ, ಒಂದು ಹೊಂಗೆ ಮರಕ್ಕೆ ಬಡಿದು ನಿಂತಿತು.

ಬಡಿದ ಹೊಡೆತಕ್ಕೆ ಮೂಟೆ ಬಿರಿದು ಕಾಯಿಗಳು ಸೀಟಿನ ಮೇಲಿಂದ ನಮ್ಮ ಮೇಲೆ ಬಿದ್ದವು. ಒಂದು ನನ್ನ ಬೆನ್ನಿಗೆ, ಇನ್ನೊಂದು ಮಾವನ ಎಡಗೈಗೆ. ಅದು ಸೂಜಿ ಚುಚ್ಚುವ ಕೈ. ಗಂಟೆಯ ಹಿಂದೆ ಕಟ್ಟಿದ ಪಟ್ಟಿ ನೋಡನೋಡುತ್ತ ಕೆಂಪಾಯಿತು. ಆ ಕೈಯ ರಕ್ತ ಬೇರೆ ಕೈಗಳ ರಕ್ತದ ಹಾಗಲ್ಲ, ಚಿಮ್ಮುತ್ತದೆ, ಒತ್ತಿ ಹಿಡಿಯಬೇಕು ಎಂದು ನರ್ಸ್ ಹೇಳಿಕೊಟ್ಟಿದ್ದರು. ಸೆರಗು ಮುದ್ದೆ ಮಾಡಿ ಒತ್ತಿದೆ. ನನ್ನ ಬೆರಳ ಸಂದಿಯಿಂದ ಬಿಸಿಬಿಸಿಯಾಗಿ ಬರುತ್ತಲೇ ಇತ್ತು. ದೇವರೇ, ದೇವರೇ ಎನ್ನುವುದು ಬಿಟ್ಟರೆ ನನಗೆ ಏನೂ ತೋಚಲಿಲ್ಲ. ಅತ್ತೆ ಬಾಗಿಲು ಒದ್ದು ತೆರೆದು, ಬಲಗೈಯನ್ನು ಎದೆಗೆ ಅವಚಿಕೊಂಡು ಏರಿ ಹತ್ತಿದರು. ಆ ಕೈ ಮುರಿದಿತ್ತು, ಅವರು ಹೇಳಲಿಲ್ಲ. ಮಳೆಯಲ್ಲಿ ರಸ್ತೆಯ ನಟ್ಟನಡುವೆ ನಿಂತು ಎಡಗೈ ಎತ್ತಿದರು. ಬಂದ ಬಸ್ಸು ಅವರ ಮುಂದೆ ಎರಡು ಮಾರು ದೂರದಲ್ಲಿ ನಿಂತಿತು. ಜನ ಇಳಿದು ಬಂದು ಮಾವನನ್ನು ಕೈಯಲ್ಲೇ ಎತ್ತಿಕೊಂಡು ಹೋದರು. ಬಸ್ಸಿನ ಹಿಂದಿನ ಗಾಜಿನಲ್ಲಿ ನೋಡಿದೆ: ಕಾಯಿಗಳು ಒಂದೊಂದಾಗಿ ಉರುಳಿ ಕೆರೆಯ ನೀರಿಗೆ ಬೀಳುತ್ತಿದ್ದವು.

ರಕ್ತ ನಿಂತಿತು. ಅತ್ತೆಯ ಬಲಗೈಗೆ ಮೊಣಕೈ ತನಕ ಪ್ಲಾಸ್ಟರ್ ಹಾಕಿದರು. ಪ್ಲಾಸ್ಟರ್ ಹಾಕುವಾಗ ಅವರು ಒಂದೇ ಮಾತು ಹೇಳುತ್ತಿದ್ದರು: "ಅವ್ರು ಹೇಳಿದ್ರು ಕಣೇ. ಮೂಕಿ ಎದ್ದಂಗಾಯ್ತದೆ ಅಂತ ಅವ್ರು ಹೇಳಿದ್ರು."

ಮಂಗಳವಾರ ಬಂತು. ಬಾಡಿಗೆ ಕಾರು ಎಂದ ತಕ್ಷಣ ಮಾವ ಗೋಡೆಯ ಕಡೆ ಮುಖ ತಿರುಗಿಸಿದರು. ನಾನೂ ನನ್ನ ಗಂಡನೂ ಅವರನ್ನು ಹಿಡಿದುಕೊಂಡು ಬಸ್ಸಿನಲ್ಲಿ ಹೋಗಿಬಂದೆವು. ವಾಪಸು ಬರುವಾಗ ಅವರ ತಲೆ ನಿಲ್ಲುತ್ತಿರಲಿಲ್ಲ, ಮುಂದಿನ ಸೀಟಿನ ಕಂಬಿಗೆ ಬಡಿಯದಂತೆ ನನ್ನ ಗಂಡ ದಾರಿಯುದ್ದಕ್ಕೂ ಅಂಗೈ ಅಡ್ಡ ಹಿಡಿದಿದ್ದ. ಮೂವತ್ತೆರಡು ವರ್ಷದ ನಾನು, ಎರಡು ಕೈ ನೆಟ್ಟಗಿರುವ ನಾನು, ಗಾಡಿ ಕಲಿಯದೆ ಪಕ್ಕದಲ್ಲಿ ಕೂತಿದ್ದೆ. ಅಂಥ ನಾಚಿಕೆ ನನಗೆ ಹಿಂದೆ ಆಗಿರಲಿಲ್ಲ, ಮುಂದೆ ಆಗುವುದೂ ಬೇಡ.

ಕಾರನ್ನು ಶೆಡ್ಡಿಗೆ ಎಳೆಸಿಕೊಂಡು ಹೋಗಿದ್ದ ಮೆಕ್ಯಾನಿಕ್ ಮರುದಿನ ಫೋನ್ ಮಾಡಿದ. ಪ್ಲಾಸ್ಟರ್ ಕೈಯಲ್ಲಿ ಫೋನ್ ಹಿಡಿಯಲಾಗದೆ ಅತ್ತೆ ಸ್ಪೀಕರ್ ಹಾಕಿ ಜಗಲಿಯ ಮೇಲೆ ಇಟ್ಟಿದ್ದರು. ಮಾವ ಅಲ್ಲೇ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತಿದ್ದರು.

"ಮುಂದ್ಗಡೆ ಎಲ್ಲ ಸರಿ ಮಾಡಬೌದು ಅಮ್ಮ. ಆದ್ರೆ ನಿಮ್ ಕೈ ಬೇರೆ ಮುರ್ದೈತಲ್ಲ. ಮಾರ್ಬುಡ್ತೀರಾ ಹೆಂಗೆ?"

"ಮಾರೋದಾ?" ಅಂದರು ಅತ್ತೆ. "ಪವರ್ ಸ್ಟೇರಿಂಗ್ ಹಾಕಪ್ಪ ಅದಕ್ಕೆ. ನನ್ ಸೊಸೆ ಓಡಿಸ್ತಾಳೆ."

"ಅವತ್ತೇ ಹೇಳಿದ್ನಲ್ಲಮ್ಮ, ಸ್ವಲ್ಪ ದಿನಕ್ಕೆಲ್ಲ ಅಂದ್ರೆ..."

"ಹತ್ತು ವರ್ಷ ಓಡಿಸ್ತೀವಿ ಕಣಪ್ಪ!" ಫೋನಿಗೆ ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ. ತೋಟದಲ್ಲಿದ್ದ ನನ್ನ ಗಂಡನಿಗೂ ಕೇಳಿಸಿತಂತೆ. "ಹತ್ತು ವರ್ಷ. ನೀನು ಹಾಕು."

ಮಾವ ಕಣ್ಣು ತೆರೆದರು.

"ಹತ್ ವರ್ಷಾನಾ?" ಅಂದರು. "ಅಲ್ಲಿಗಂಟ ನಿನ್ ಕೈಲಿ ಬೈಸ್ಕಂಡಿರಕಾಗಲ್ಲ ಬುಡೇ."

"ಇರ್ಬೇಕು" ಅಂದರು ಅತ್ತೆ. "ಬೈಸ್ಕಂಡಿರ್ಬೇಕು." ಮಾತು ಮುಗಿಸುವ ಮೊದಲೇ ಅಳು ಬಂದು, ಪ್ಲಾಸ್ಟರ್ ಕೈಯಲ್ಲಿ ಮುಖ ಮುಚ್ಚಿಕೊಳ್ಳಲು ಹೋಗಿ ಹಣೆಗೆ ಬಡಿದುಕೊಂಡರು. ಮಾವ ನಕ್ಕರು. ಮೆಕ್ಯಾನಿಕ್ ಇನ್ನೂ ಫೋನಿನಲ್ಲಿದ್ದ. ಅಮ್ಮ, ಅಮ್ಮ ಎನ್ನುತ್ತಿದ್ದ.

ಮುಂದಿನ ಶುಕ್ರವಾರ, ಯಂತ್ರದ ಮೇಲಿದ್ದಾಗಲೇ ಮಾವನ ಬಿಪಿ ಇಳಿಯಿತು. ಡಾಕ್ಟರು, ನರ್ಸುಗಳು ಎಷ್ಟು ಮಾಡಬೇಕೋ ಅಷ್ಟು ಮಾಡಿದರು. ಏಳಲಿಲ್ಲ. ಕಾರು ಆಗ ಶೆಡ್ಡಿನಲ್ಲಿ, ಸ್ಟೇರಿಂಗ್ ಬಿಚ್ಚಿದ ಸ್ಥಿತಿಯಲ್ಲಿತ್ತು.

ಕಾರ್ಯ ಎಲ್ಲ ಮುಗಿದ ಮೇಲೆ ಮೆಕ್ಯಾನಿಕ್ ತಾನೇ ಕಾರು ಓಡಿಸಿಕೊಂಡು ಬಂದ. ತಂದು ಅಂಗಳದಲ್ಲಿ ನಿಲ್ಲಿಸಿ, ಕೀಲಿ ಕೊಟ್ಟು, ತಲೆ ತಗ್ಗಿಸಿ ನಿಂತ. ನಾರಿನ ಹುರಿಯನ್ನು ಅವನು ಬಿಚ್ಚಿರಲಿಲ್ಲ. ಅತ್ತೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿದರು. ಎಡಗೈಯ ಒಂದು ಬೆರಳನ್ನು ಹುರಿಗೆ ಸಿಕ್ಕಿಸಿ ತಿರುಗಿಸಿದರು. ಚಕ್ರ ಅಷ್ಟು ದೂರ ತಿರುಗಿತು. ಈ ಕಡೆಗೆ ತಿರುಗಿಸಿದರು, ಅಷ್ಟೇ ಸಲೀಸಾಗಿ ಬಂತು. ಜೀವನವಿಡೀ ನಿಂತಲ್ಲೇ ತಿರುಗಿಸಬೇಡ ಎಂದ ಹೆಂಗಸು, ನಿಂತ ಗಾಡಿಯಲ್ಲಿ ಕೂತು ಆ ಕಡೆ, ಈ ಕಡೆ, ಆ ಕಡೆ, ಈ ಕಡೆ ತಿರುಗಿಸುತ್ತಲೇ ಇದ್ದರು. ಅಂಗಳದ ಮಣ್ಣಿನಲ್ಲಿ ಮುಂದಿನ ಚಕ್ರಗಳು ಎರಡು ಗುಂಡಿ ತೋಡಿದವು.

ಆಮೇಲೆ ಇಳಿದು ಬಂದು ನನಗೆ ಕೀಲಿ ಕೊಟ್ಟರು. "ನಾಳೆಯಿಂದ ಕೆರೆ ಅಂಗಳಕ್ಕೆ ಹೋಗಾನ, ನೀರು ನಿಲ್ದಿರೋ ಕಡೆ."

"ಇನ್ಯಾರನ್ನ ಕರ್ಕೊಂಡು ಹೋಗ್ಬೇಕು ಅತ್ತೆ?" ಎಂದೆ, ಬಿಕ್ಕುತ್ತ.

"ಯಾಕೆ, ನಾನಿಲ್ವಾ?" ಅಂದರು. "ನನ್ನ ಯಾರು ಕರ್ಕಂಡು ಹೋಗ್ತಾರೆ ಮತ್ತೆ?"

ಕಲಿತೆ. ಅತ್ತೆ ಪಕ್ಕದಲ್ಲಿ ಕೂತು, ಪ್ಲಾಸ್ಟರ್ ಕೈಯಿಂದ ನನ್ನ ಮೊಣಕೈ ತಟ್ಟುತ್ತ ಕಲಿಸಿದರು. ಎರಡು ಸಲ ಬೈದರು, ನೂರು ಸಲ ಕಾದರು. ಚಕ್ರ ಬೆಣ್ಣೆಯಂತೆ ತಿರುಗುತ್ತಿದ್ದರೂ ಅವರು ಹೇಳುವುದು ಬಿಡಲಿಲ್ಲ: ಒಂಚೂರು ಉಳ್ಳಲಿ. ಈಗೇಕೆ ಅತ್ತೆ ಆ ಮಾತು, ಮೋಟರ್ ಇದೆಯಲ್ಲ ಎಂದರೆ, "ಮೋಟ್ರು ಯಾವತ್ತಿರ್ತದೋ, ಯಾವತ್ತಿಲ್ವೋ" ಎನ್ನುವರು. ಚಿಕ್ಕನಾಯಕನಹಳ್ಳಿಯ ಅವರ ತವರಿಗೆ, ಒಮ್ಮೆ ಬೋರನಕಣಿವೆ ಅಣೆಕಟ್ಟಿಗೆ ನೀರು ತುಂಬಿದೆಯೆಂದು ಅದನ್ನು ನೋಡಲಿಕ್ಕೆ, ಹೀಗೆ ಎರಡು ವರ್ಷ ಅವರನ್ನು ಕೂರಿಸಿಕೊಂಡು ಓಡಾಡಿದೆ. ಹಿಂದಿನ ಸೀಟಿನಲ್ಲಿ ಅವರು ಯಾವತ್ತೂ ಕೂರಲಿಲ್ಲ.

ಅವರ ಹೃದಯ ದುರ್ಬಲವಾಗಿದೆ ಎಂದು ಗೊತ್ತಾಗಿದ್ದು ತಡವಾಗಿ. ಒಂದು ಬೆಳಿಗ್ಗೆ ಹಾಲು ಕರೆದು ಎದ್ದವರು ಅಲ್ಲೇ ಕುಸಿದರು. ಎತ್ತಿ ಮುಂದಿನ ಸೀಟಿನಲ್ಲಿ ಒರಗಿಸಿ ಬೆಲ್ಟ್ ಹಾಕಿದೆ. ನನ್ನ ಗಂಡ ಹಿಂದೆ ಕೂತು ಅವರ ಭುಜ ಹಿಡಿದುಕೊಂಡ. ಕೆರೆ ಏರಿ ದಾಟುವಾಗ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿತು, ಸ್ಟೇರಿಂಗ್ ಒಮ್ಮೆ ಜುಂ ಎಂದು ನಡುಗಿತು, ಆಮೇಲೆ ಕಲ್ಲಾಯಿತು. ಮೋಟರ್ ನಿಂತಿತ್ತು. ಮೆಕ್ಯಾನಿಕ್ ಹೇಳಿದಂತೆ ಮೊದಲಿಗಿಂತ ಎರಡರಷ್ಟು ಭಾರ. ಪ್ರತಿ ತಿರುವಿಗೂ ಸೀಟಿನಿಂದ ಅರ್ಧ ಎದ್ದು ಎಳೆದೆ. ಹುರಿ ಅಂಗೈಯೊಳಗೆ ಇಳಿಯಿತು. ಉಸಿರು ಕಟ್ಟಿಕೊಂಡು, ತುಟಿ ಕಚ್ಚಿಕೊಂಡು, ಅವರಿಗೆ ತಿಳಿಯದಂತೆ ಓಡಿಸಿದೆ. ಅತ್ತೆ ಕಣ್ಣು ಮುಚ್ಚಿದ್ದರು. ಅವರ ಉಸಿರು ಮಾತ್ರ ಕೇಳುತ್ತಿತ್ತು, ಸಣ್ಣಗೆ, ಬಿಟ್ಟು ಬಿಟ್ಟು.

ಆಸ್ಪತ್ರೆಯ ಗೇಟಿನಲ್ಲಿ ಒಂದು ಆಟೋ ಅಡ್ಡ ಬಂತು. ನಿಲ್ಲಿಸಬೇಕಾಯಿತು. ಅದು ಸರಿದ ಮೇಲೆ ಬಲಕ್ಕೆ ಪೂರ್ತಿ ತಿರುಗಿಸಬೇಕು. ನನ್ನ ಇಡೀ ಮೈಯನ್ನು ಚಕ್ರಕ್ಕೆ ಹಾಕಿದೆ, ಅಲ್ಲಾಡಲಿಲ್ಲ.

"ಕೈ ನೋಯ್ತದೇನೇ?" ಅಂದರು ಅತ್ತೆ.

"ಇಲ್ಲತ್ತೆ" ಎಂದೆ. "ಹೂವಿನಂಗೈತೆ."

ಅವರು ಕಣ್ಣು ತೆರೆಯಲಿಲ್ಲ. "ನಿಂತಲ್ಲೇ ತಿರುಗಿಸ್ಬೇಡ ಕಣೇ" ಅಂದರು. "ಒಂಚೂರು ಉಳ್ಳಲಿ."

ಬ್ರೇಕು ಬಿಟ್ಟೆ. ಗಾಡಿ ಒಂದು ಮಾರು ಮುಂದಕ್ಕೆ ಉರುಳಿತು, ಆಮೇಲೆ ತಿರುಗಿಸಿದೆ, ತಿರುಗಿತು. ಬಾಗಿಲಲ್ಲಿ ಸ್ಟ್ರೆಚರ್ ತಂದು ಅವರನ್ನು ಒಳಗೆ ಕರೆದುಕೊಂಡು ಹೋದರು. ಅವರು ನನಗೆ ಹೇಳಿದ ಕೊನೆಯ ಮಾತು ಅದು.